ತಿಂಥಣಿ ದಂಡೆಯ ಇಲ್ಲದ ಮಿಲ್ಲು

ಕಾಲುವೆ ನೀರು ಬಂದ ಮೇಲೆ ಶಹಾಪುರದ ಸುತ್ತಲಿನ ಜೋಳದ ಹೊಲಗಳು ಭತ್ತದ ಗದ್ದೆಗಳಾದವು; ಭತ್ತದ ಬೆನ್ನಿಗೆ ಅಕ್ಕಿ ಮಿಲ್ಲುಗಳು ಬಂದವು. ಅಂಥದೊಂದು ಮಿಲ್ಲಿನ ಹೆಣ್ಣಾಳುಗಳಿಗೆ ತರಬೇತಿ ಕೊಡಲು ಮಾಲಕ ಚಂದ್ರಾಮಪ್ಪ ಬಿಬಿಎಂ ಪಾಸಾದ ಮಾನಮ್ಮನನ್ನು ನೇಮಿಸಿಕೊಂಡ. ನಾಲ್ಕು ಜನರ ಮುಂದೆ ತಲೆ ಎತ್ತದ ಹುಡುಗಿ ಅವಳು. ಮೊದಲ ವಾರ ಸಮಯಪಾಲನೆ, ನಿರ್ವಹಣೆ ಎಂದು ಒಪ್ಪಿಸುವಷ್ಟರಲ್ಲಿ ನಾಲಿಗೆ ಒಣಗಿತು, ಕೂತವರು ಆಕಳಿಸಿದರು. ಎರಡನೆಯ ವಾರ ಪಾಠ ಬಿಟ್ಟು ಕಥೆ ಹಿಡಿದಳು.

ತಿಂಥಣಿಯ ಹೊಳೆದಂಡೆಯಲ್ಲಿ ಒಂದು ಮಿಲ್ಲು ಇತ್ತಂತೆ. ಅಂಥ ಮಿಲ್ಲು ಎಲ್ಲೂ ಇರಲಿಲ್ಲ. ಅಲ್ಲಿ ಕೆಲಸ ಹೆಚ್ಚು, ಕೈ ಕಡಿಮೆ, ಆದರೂ ಸಂಜೆಯೊಳಗೆ ಕಣದ ಭತ್ತವೆಲ್ಲ ಒಣಗಿರುತ್ತಿತ್ತಂತೆ. ಹೇಗೆ? ಮುಂದಿನದನ್ನು ನೀವೇ ಹೇಳಿ ಎಂದು ನಿಲ್ಲಿಸಿದಳು. ಹೊಂದಿಕೊಂಡು ದುಡಿಯುವ ಪಾಠ ಅವರ ಬಾಯಿಂದಲೇ ಬರಲಿ ಎಂಬ ಆಸೆ.

ಎಲ್ಲರಿಗೂ ಹಿರಿಯಳಾದ ಯಂಕಮ್ಮ ಎಲೆಅಡಿಕೆ ಕೆನ್ನೆಗೆ ಸರಿಸಿಕೊಂಡಳು.

"ಆ ಮಿಲ್ಲಿನಾಗ ಒಬ್ಬಾಕಿ ಕೂಸಿನ ತಾಯಿ ಇದ್ದಳ್ರಿ ಅಕ್ಕೋರ. ಮಧ್ಯಾಹ್ನ ಹಾಲು ಕುಡಸಾಕ ಹಿಂದಿನ ಬೇಲಿ ದಾಟಿ ಮನಿಗಿ ಓಡತಿದ್ದಳು. ಆಕಿ ತಲಿ ಮ್ಯಾಗಿನ ಟವೆಲ್ಲು ಒಂದು ಚೀಲಕ್ಕ ಹೊಚ್ಚಿ ಕುಂದರಸತಿದ್ರು. ಆಕಿ ಸಾಲಿನ ಭತ್ತ ಉಳಿದಾಕೇರು ಕಾಲಿಲೆ ತಿರುವತಿದ್ರು. ಮಾಲಕ ಕಿಡಕ್ಯಾಗಿಂದ ತಲಿ ಎಣಿಸಿದ್ರ ಲೆಕ್ಕ ಬರೋಬ್ಬರಿ."

"ಎಲ್ಲಾರಕಿಂತ ಆ ಚೀಲನ ಛಲೋ ದುಡೀತದ, ಮಾತಾಡಂಗಿಲ್ಲ ಅಂತಿದ್ದನಂತ," ಎಂದು ಇನ್ನೊಬ್ಬಳು ಸೇರಿಸಿದಳು.

ನಗೆ ಎದ್ದಿತು. ಮೂಲೆಯಲ್ಲಿದ್ದ ಮಲ್ಲಿಕಮ್ಮ ಸೆರಗು ಬಾಯಿಗೊತ್ತಿಕೊಂಡು ಎಲ್ಲರಿಗಿಂತ ಹೆಚ್ಚು ನಕ್ಕಳು.

ಸಂಜೆ ಮಾಲಕ ತರಬೇತಿ ಹೇಗಾಯಿತೆಂದು ಕೇಳಿದ. ಮಾನಮ್ಮನಿಗೆ ಅಂದು ಎಲ್ಲಿಲ್ಲದ ಮಾತು ಬಂತು. ಟವೆಲ್ಲು, ಚೀಲ, ಬೇಲಿ ಒಂದೂ ಬಿಡದೆ ಹೇಳಿ, ಓದು ಬಾರದ ಹೆಂಗಸರು ಎಷ್ಟು ಚಂದ ಕಥೆ ಕಟ್ಟುತ್ತಾರೆ ಎಂದು ಹೊಗಳಿದಳು. ಅವನೂ ನಕ್ಕ. ಚಹಾ ತರಿಸಿಕೊಟ್ಟ.

ಮರುದಿನ ಮಧ್ಯಾಹ್ನ ಅವನು ಎಂದಿನಂತೆ ಕಿಟಕಿಯಲ್ಲಿ ನಿಲ್ಲಲಿಲ್ಲ. ಕಣಕ್ಕೇ ಇಳಿದು ಬಂದ. ಕೂಸಿಗೆ ಹಾಲು ಕುಡಿಸಿ ಬೇಲಿ ದಾಟಿ ತಿರುಗಿ ಬಂದ ಮಲ್ಲಿಕಮ್ಮನಿಗೆ ಕಂಡದ್ದು ಬೋಳು ಚೀಲ, ಮಾಲಕನ ಕೈಯಲ್ಲಿ ತನ್ನ ಟವೆಲ್ಲು. ನಾಳೆಯಿಂದ ಬರಬೇಡ ಎಂದ.

ಸುದ್ದಿ ತಿಳಿದ ಮಾನಮ್ಮ ಆಫೀಸಿಗೆ ಓಡಿದಳು. ಅದು ತಾನೇ ಕಟ್ಟಿದ ಕಥೆ ಎಂದು ಬೇಡಿಕೊಂಡಳು.

"ಕಥಿ ನಿಮ್ಮದಿರಲಿ. ಟವೆಲ್ಲು ನನ್ನ ಕೈಯಾಗ ಅದ."

"ಕೆಲಸ ಏನೂ ಕಡಿಮಿ ಆಗಿಲ್ಲರಿ ಸಾವಕಾರ್ರ. ಆಕಿ ಪಾಲಿಂದು ಉಳಿದವ್ರು ಮಾಡ್ಯಾರ."

"ಹಂಗಾದ್ರ ಆಕಿ ಇರಲಿಲ್ಲಂದ್ರೂ ನಡೀತದಂತಾತು," ಎಂದ ಚಂದ್ರಾಮಪ್ಪ. "ನೀವ ಕಲಿಸಿದ ಪಾಠರಿ ಇದು."

ಮೂರನೆಯ ವಾರ ಹೆಣ್ಣಾಳುಗಳು ಬಂದು ಕೂತರು. ಮಾಲಕನ ಹುಕುಮು ಇತ್ತು. ಮಾನಮ್ಮ ಹೊಳೆದಂಡೆಯ ಮಿಲ್ಲಿನ ಮಾತೆತ್ತಿದಳು. ಯಂಕಮ್ಮನನ್ನೇ ಕೇಳಿದಳು, ಮುಂದೇನಾಯಿತು ಎಂದು.

"ಆ ಮಿಲ್ಲು ಬಂದ್ ಆಗ್ಯದರಿ," ಎಂದಳು ಯಂಕಮ್ಮ.

ಎಲ್ಲರೂ ಎದ್ದು ಬಿಸಿಲಿನ ಕಣಕ್ಕೆ ಹೋದರು. ಮಲ್ಲಿಕಮ್ಮನ ಸಾಲನ್ನು ಹಂಚಿಕೊಂಡು, ಒಂದು ಮಾತಿಲ್ಲದೆ ಭತ್ತ ತಿರುವಿದರು. ಚಂದ್ರಾಮಪ್ಪ ನೋಡಿ ಖುಷಿಪಟ್ಟ. ಎರಡೇ ವಾರದಲ್ಲಿ ಎಂಥ ಶಿಸ್ತು ಬಂತು ಎಂದ. ಸುರಪುರದ ತನ್ನ ಇನ್ನೊಂದು ಮಿಲ್ಲಿನಲ್ಲೂ ಇದೇ ಕಥೆ ಹೇಳಬೇಕು, ಸೋಮವಾರದಿಂದಲೇ ಎಂದ.

ಒಲ್ಲೆನೆನ್ನಲು ಮಾನಮ್ಮನಿಗೆ ಬಾಯಿ ಬರಲಿಲ್ಲ. ಅವನು ಅದನ್ನು ಒಪ್ಪಿಗೆ ಎಂದುಕೊಂಡ.