ಭಾವ ತೆಗೆದಿಟ್ಟ ಫ್ಯೂಸ್

ಸಂತ ಇಲಿಯಾನ ಹಬ್ಬದ ದಿನ ಆ ಕಡೆಯ ಗುಡ್ಡದ ಹಳ್ಳಿಗಳಲ್ಲಿ ಯಾರೂ ಕೆಲಸಕ್ಕೆ ಕೈ ಹಾಕುವುದಿಲ್ಲ. ಸಿಡಿಲು ಅವನ ಕೈಯಲ್ಲಿ. ಕೆಲಸ ಮಾಡಿದವರ ಮನೆ ಹುಡುಕಿ ಎಸೆಯುತ್ತಾನಂತೆ. ವೆಲಿಮಿರ್ ಮಾತ್ರ ಅವತ್ತೇ ಅಕ್ಕನ ಮನೆಯ ಮೀಟರ್ ಬೋರ್ಡ್ ಬಿಚ್ಚಿಕೊಂಡು ನಿಂತಿದ್ದ. ದೇವರಿಗೆ ಹೆದರದ ಧೀರ ಅಂದುಕೊಳ್ಳಬೇಡಿ. ಅವನ ಹೆದರಿಕೆಯೇ ಬೇರೆ ಇತ್ತು.

“ನಾಳೆ ಮಾಡಿದ್ರೆ ನಿನ್ನ ಗಂಟೇನು ಹೋಗ್ತಿತ್ತೋ ವೇಲ್ಯಾ?” ಎಂದಳು ಅಕ್ಕ ಸ್ತಾಮೆನಾ, ಕಾಫಿಗೆ ನೀರಿಡುತ್ತ.

“ಮಧ್ಯಾಹ್ನದ ಮೇಲೆ ಮಳೆ ಅಂತ ರೇಡಿಯೋದಲ್ಲಿ ಹೇಳಿದಾರಕ್ಕ. ಹಿತ್ತಲಲ್ಲಿ ಅರ್ಥಿಂಗ್ ಸಲಾಕೆ ಹೊಡೆದಿದೀನಿ. ಹಳೇ ಫ್ಯೂಸ್ ಜಾಗದಲ್ಲಿ ಈ ಹೊಸ ಡಬ್ಬಿ ಕೂರಿಸಿಬಿಟ್ರೆ ಸಿಡಿಲಿನ ಕರೆಂಟು ನೇರ ನೆಲಕ್ಕಿಳಿಯತ್ತೆ. ಫ್ಯೂಸ್ ತೆಗೆಯೋ ಗೋಜೇ ಬೇಡ ನಿಂಗೆ.”

“ನಾನೆಲ್ಲಿ ತೆಗೀತೀನಿ? ನಿಮ್ಮ ಭಾವ ತೆಗೀತಾರೆ. ನಾನು ತಿರುಗಿ ಹಾಕ್ತೀನಿ, ಅಷ್ಟೇ.”

ಭಾವ ರಾದೊಯೆ ಸತ್ತು ಎರಡು ವರ್ಷವಾಗಿತ್ತು. ಬದುಕಿದ್ದಾಗ ಮೋಡ ಕವಿದರೆ ಸಾಕು, ಬೋರ್ಡಿನಿಂದ ಮೂರೂ ಪಿಂಗಾಣಿ ಫ್ಯೂಸ್ ತಿರುಪಿ ಕಿಟಕಿಯ ಮೇಲಿಡುತ್ತಿದ್ದ. ಸತ್ತ ಮೇಲೂ ಪ್ರತಿ ಗುಡುಗಿಗೂ ಫ್ಯೂಸ್‌ಗಳು ಕಿಟಕಿಗೆ ಬಂದು ಕೂರುತ್ತಿದ್ದವು. ಎರಡು ಜೊತೆಯಾಗಿ, ಒಂದು ಬೇರೆಯಾಗಿ. ಬಾಗಿಲಿಂದ ಬೋರ್ಡಿನ ತನಕ ಬೂಟಿನ ಕೆಸರು. ಅಕ್ಕನಿಗೆ ಮರೆವು ಶುರುವಾಗಿದೆ ಎಂದು ವೆಲಿಮಿರ್ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ.

ಆದರೆ ಬೇರೆಯಾಗಿ ಕೂರುತ್ತಿದ್ದ ಆ ಒಂದು ಯಾವುದೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ರಾದೊಯೆ ಸಾಯುವುದಕ್ಕೆ ಒಂದು ವಾರ ಮುಂಚೆ ಅದು ಸುಟ್ಟುಹೋಗಿತ್ತು. ಹೊಸದು ತರಲು ಪೇಟೆಗೆ ಹೋಗಬೇಕಲ್ಲ ಎಂಬ ಸೋಮಾರಿತನಕ್ಕೆ ವೆಲಿಮಿರ್ ಕೈಗೆ ಸಿಕ್ಕ ದಪ್ಪ ತಾಮ್ರದ ತಂತಿ ಸುತ್ತಿ ಕೈತೊಳೆದುಕೊಂಡಿದ್ದ. ಆಮೇಲೆ ಸಿಡಿಲು ಬಡಿಯಿತು. ತೆಳು ತಂತಿಯಾಗಿದ್ದರೆ ಉರಿದು ಕಡಿದುಹೋಗುತ್ತಿತ್ತು. ಇದು ಕಡಿಯಲಿಲ್ಲ, ಬೋರ್ಡಿನ ಕಬ್ಬಿಣದ ಡಬ್ಬಿಗೇ ಕರೆಂಟು ಇಳಿಯಿತು, ಫ್ಯೂಸ್ ತೆಗೆಯಲು ಹೋದ ಭಾವ ಅದನ್ನು ಮುಟ್ಟಿದ. ಸಿಡಿಲಿಗೆ ಸತ್ತ ಎಂದಿತು ಊರು. ವೆಲಿಮಿರ್ ಬಾಯಿಗೆ ಬೀಗ ಹಾಕಿಕೊಂಡು ಶವಪೆಟ್ಟಿಗೆಗೆ ಹೆಗಲು ಕೊಟ್ಟ.

ಈಗ ಮೂರೂ ಫ್ಯೂಸ್ ಅವನ ಜೇಬಿನಲ್ಲಿದ್ದವು. ಮನೆಗೆ ಹೋಗುವಾಗ ಸೇತುವೆಯ ಮೇಲಿಂದ ನದಿಗೆ ಎಸೆದುಬಿಟ್ಟರೆ ಅಕ್ಕನಿಗೆ ಎಂದೆಂದಿಗೂ ಗೊತ್ತಾಗುವುದಿಲ್ಲ. ಇವತ್ತು ಬಂದದ್ದೇ ಅದಕ್ಕೆ.

ಬೋರ್ಡಿನ ಮುಚ್ಚಳ ಹಾಕಿ ಮೇಜಿಗೆ ಬಂದು ಕೂರುವಷ್ಟರಲ್ಲಿ ಕತ್ತಲು ಕವಿದು ಮಳೆ ಹೊಡೆಯತೊಡಗಿತು. ಗುಡುಗಿತು. ದೀಪ ಆರಲಿಲ್ಲ. ಇಷ್ಟು ದಿನ ಕತ್ತಲಲ್ಲಿ ಕಾಣದಿದ್ದದ್ದು ಇವತ್ತು ಬೆಳಕಿನಲ್ಲಿ ಕಂಡಿತು.

ಬಾಗಿಲ ಬಳಿ ಒಂದು ಒದ್ದೆ ಬೂಟಿನ ಗುರುತು ಮೂಡಿತು. ಅದರ ಮುಂದೆ ಇನ್ನೊಂದು. ಬೂಟೂ ಇಲ್ಲ, ಕಾಲೂ ಇಲ್ಲ. ಗುರುತುಗಳು ನಿಧಾನವಾಗಿ ಬೋರ್ಡಿನ ತನಕ ಬಂದು ನಿಂತವು. ಅಲ್ಲಿ ನೆಲದ ಮೇಲೆ ನೀರು ತೊಟ್ಟಿಕ್ಕುತ್ತಲೇ ಇತ್ತು.

“ಪಾಪ, ಇವತ್ತು ತೆಗೆಯೋಕೆ ಏನೂ ಸಿಗಲಿಲ್ಲ ಅವರಿಗೆ,” ಎಂದಳು ಸ್ತಾಮೆನಾ ಮೆಲ್ಲಗೆ.

ಗುರುತುಗಳು ತಿರುಗಿದವು. ಮೇಜಿನ ಕಡೆಗೆ, ವೆಲಿಮಿರನ ಕಡೆಗೆ.

“ಜೇಬಲ್ಲಿರೋದು ಇಟ್ಬಿಡೋ ವೇಲ್ಯಾ.”

ಅವನು ಮೂರನ್ನೂ ಮೇಜಿನ ಮೇಲಿಟ್ಟ. ಎರಡು ಸುಮ್ಮನಿದ್ದವು. ಮೂರನೆಯದು ತಾನಾಗಿ ಉರುಳಿ ಬೇರೆಯಾಗಿ ನಿಂತಿತು.

ಸ್ತಾಮೆನಾ ಅದನ್ನೆತ್ತಿ ತಂತಿಯ ಮೇಲೆ ಬೆರಳಾಡಿಸಿದಳು. “ಸುತ್ತಿದ ಮೇಲೆ ತುದೀನ ಒಳಗೆ ಮಡಚೋನು ನೀನೊಬ್ನೇ. ಸಣ್ಣೋನಿದ್ದಾಗ ಬೂಟಿನ ಲೇಸೂ ಹಾಗೇ ಕಟ್ತಿದ್ದೆ. ಎರಡು ವರ್ಷದಿಂದ ಇದನ್ನ ತಿರುಗಿ ಹಾಕ್ತಿರೋಳು ನಾನು, ನಂಗೆ ಗೊತ್ತಾಗಲ್ವೇನೋ? ನೀನಾಗೇ ಬಂದು ಹೇಳ್ತೀಯ ಅಂತ ಕಾದೆ. ಅವರೂ ಕಾದ್ರು.”

ಸ್ತಾಮೆನಾ ಕಾಫಿಯನ್ನು ಮೂರು ಲೋಟಕ್ಕೆ ಬಗ್ಗಿಸಿದಳು. ಅವನ ಎದುರಿನ ಕುರ್ಚಿ ನೆಲ ಕೆರೆಯುತ್ತ ಹಿಂದಕ್ಕೆ ಸರಿದು, ಭಾರ ಬಿದ್ದಂತೆ ಕಿರುಗುಟ್ಟಿತು.

“ಕೂತಿದಾರೆ,” ಎಂದಳು. “ನನಗಲ್ಲ, ಅವರಿಗೆ ಹೇಳು.”

ಖಾಲಿ ಕುರ್ಚಿಯನ್ನು ನೋಡುತ್ತ ವೆಲಿಮಿರ್ ಕೊನೆಗೂ ಬಾಯಿಬಿಟ್ಟ.

“ಭಾವ, ಆ ತಂತಿ ನಾನೇ ಸುತ್ತಿದ್ದು.”