ನಾಲ್ಕು ಮೂಟೆಯ ಗಾಲಿ

ಟಿಣ್!

ಎನೆಲೆಸ್ ಕತ್ತಲಲ್ಲಿ ಎದ್ದು ಕುಳಿತಳು. ದೊಡ್ಡ ಸದ್ದೇನಲ್ಲ, ಕಲ್ಲಿನ ಮೇಲೆ ಚಮಚ ಬಿದ್ದಷ್ಟೇ. ಆದರೂ ಅದೇನೆಂದು ಅವಳಿಗೆ ಗೊತ್ತಿತ್ತು. ಗೋಡೆಗೆ ಒರಗಿಸಿದ್ದ ಸೈಕಲ್ಲಿನ ಹಿಂಗಾಲಿಯಲ್ಲಿ ಇನ್ನೊಂದು ಕಡ್ಡಿ ಮುರಿದಿತ್ತು. ಹಗಲೆಲ್ಲ ಅವಳನ್ನು ಹೊತ್ತ ಸುಸ್ತು ಅದಕ್ಕೆ ಈಗ ತಟ್ಟಿತ್ತು. ಈ ತಿಂಗಳಲ್ಲಿ ಇದು ಐದನೆಯದು.

ಗುರುವಾರ ಗುಡ್ಡದ ಮೇಲಿನ ನಾಮಿಯಾಲಾ ಹಳ್ಳಿಯಲ್ಲಿ ಅವಳು ಮಕ್ಕಳಿಗೆ ಲಸಿಕೆ ಹಾಕಬೇಕಿತ್ತು. ಕಳೆದ ಎರಡು ಸಲವೂ ದಾರಿಯಲ್ಲಿ ಗಾಲಿ ಕೈಕೊಟ್ಟು ಅವಳು ನಡೆದು ತಲುಪುವಷ್ಟರಲ್ಲಿ, ತಾಯಂದಿರು ಕಾದು ಬೇಸತ್ತು ಹೊಲಕ್ಕೆ ಹೋಗಿಬಿಟ್ಟಿದ್ದರು. ಇನ್ನೊಮ್ಮೆ ತಡವಾದರೆ ಆ ಹಳ್ಳಿಯನ್ನು ಬೇರೆಯವರಿಗೆ ಕೊಡಬೇಕಾಗುತ್ತದೆಂದು ಮೇಲಧಿಕಾರಿ ಮೆಲ್ಲಗೆ ಹೇಳಿದ್ದರು. ಆ ಮೆಲುದನಿಯೇ ಹೆಚ್ಚು ಚುಚ್ಚಿತ್ತು. ಅಲ್ಲಿನ ಒಂದೊಂದು ಮಗುವನ್ನೂ ಅವಳು ತಕ್ಕಡಿಗೆ ನೇತುಹಾಕಿ ತೂಗಿದ್ದಳು. ತನ್ನನ್ನು ಮಾತ್ರ ಊರವರೆದುರು ತೂಗಿಕೊಂಡವಳಲ್ಲ.

ಬೆಳಿಗ್ಗೆ ಸೈಕಲ್ ತಳ್ಳಿಕೊಂಡು ಥೊಂಡ್ವೆ ಸಂತೆಗೆ ಬಂದಳು. ಸೈಕಲ್ಲಿನ ಹಿಂದೆ ಜನರನ್ನು ಕೂರಿಸಿಕೊಂಡು ಬಾಡಿಗೆ ಹೊಡೆಯುವ ಕಬಾಜಾದವರು ಮಾವಿನ ಮರದಡಿ ಸಾಲಾಗಿ ನಿಂತಿದ್ದರು. ಅವರಲ್ಲಿ ವೈಸನ್ನನ ಬಾಯಿ ಎಲ್ಲರಿಗಿಂತ ಜೋರು.

"ಏನು ಅಮಾಯಿ, ಸೈಕಲ್‌ನೇ ನೀವು ಕರ್ಕೊಂಡ್ ಬರ್ತಿದೀರಾ? ನನ್ ಹಿಂದೆ ಕೂತ್ಕೊಳ್ಳಿ ಅಂತಿದ್ದೆ. ಆದ್ರೆ ಎರಡು ಬಾಡಿಗೆ ಆಗತ್ತೆ!"

ಮರದಡಿಯೆಲ್ಲ ನಗು. ಎನೆಲೆಸ್ ತಲೆ ತಗ್ಗಿಸಿ, ಆಚೆ ಮೂಲೆಯಲ್ಲಿ ಗಾಲಿ ಕಟ್ಟುವ ಮುದುಕ ಚಿಂಗೊಂಡನ ಬಳಿ ಹೋದಳು.

ಚಿಂಗೊಂಡ ಯಾರ ತೂಕವನ್ನೂ ಕಿಲೋದಲ್ಲಿ ಕೇಳುವವನಲ್ಲ. ಅವನ ಲೆಕ್ಕವೆಲ್ಲ ಐವತ್ತು ಕಿಲೋದ ಜೋಳದ ಮೂಟೆಯಲ್ಲಿ.

"ಹೋದ್ಸಲ ಎಷ್ಟು ಮೂಟೆ ಅಂದಿದ್ರಿ?"

"ಒಂದೂವರೆ."

ಅದನ್ನು ನಂಬಿ ಅವನು ಹಗುರ ರಿಮ್ಮಿಗೆ ಮೂವತ್ತಾರು ಸಣ್ಣ ಕಡ್ಡಿ ಹಾಕಿಕೊಟ್ಟಿದ್ದ. ಆ ರಿಮ್ಮಿನ ಹೊಳಪು ಅವಳಿಗೂ ಇಷ್ಟವಾಗಿತ್ತು.

"ಕದ್ದು ಇದ್ದಿಲು ಸಾಗಿಸೋರು ಪೊಲೀಸ್ರ ಹತ್ರ ಮೂಟೆ ಕಮ್ಮಿ ಹೇಳ್ತಾರೆ, ಸರಿ. ಗಾಲಿ ಹತ್ರ ಯಾಕಮ್ಮ ಸುಳ್ಳು? ಅದೇನು ನಿಮ್ಮನ್ನ ಹಿಡ್ಕೊಂಡ್ ಹೋಗತ್ತಾ?"

ಅವಳು ಮಾವಿನ ಮರದತ್ತ ಒಮ್ಮೆ ತಿರುಗಿ ನೋಡಿದಳು. "ಎರಡೂಕಾಲು," ಎಂದಳು, ತುಟಿ ಮಾತ್ರ ಅಲ್ಲಾಡುವಂತೆ. "ಲಸಿಕೆ ಡಬ್ಬ ಸೇರಿದ್ರೆ ಎರಡೂವರೆ."

ಚಿಂಗೊಂಡ ನಗಲಿಲ್ಲ. "ಅಷ್ಟೇನಾ? ಗುಂಡಿ ದಾರಿ ಬೇರೆ. ನಾಲ್ಕಕ್ಕೆ ಕಟ್ತೀನಿ."

ನಲವತ್ತು ತೂತಿನ ಉಕ್ಕಿನ ರಿಮ್ಮು, ದಪ್ಪ ಕಡ್ಡಿ, ಅಗಲ ಟೈರು ಹುಡುಕಿ ತೆಗೆದ. ಅಂದವಿಲ್ಲ, ಎಮ್ಮೆಯಂಥ ಗಾಲಿ. ಮುಂದಿನದನ್ನು ಮುಟ್ಟಲಿಲ್ಲ, ಭಾರವೆಲ್ಲ ಬೀಳುವುದು ಹಿಂದಿನದರ ಮೇಲೆ ಎಂದ.

"ಕಡ್ಡಿ ದಪ್ಪ ಇದ್ರೆ ಸಾಲ್ದು. ಒಂದು ಸಡಿಲ ಆದ್ರೂ ಪಕ್ಕದ್ದು ಸಾಯತ್ತೆ. ನಲವತ್ತೂ ಒಂದೇ ಥರ ದುಡೀಬೇಕು."

ಕಣ್ಣು ಮುಚ್ಚಿ ಒಂದೊಂದನ್ನೇ ಉಗುರಿನಿಂದ ಮೀಟಿದ. ದನಿ ತಗ್ಗಿದಲ್ಲಿ ಕಾಲು ಸುತ್ತು ಬಿಗಿದ. ಮತ್ತೆ ಮೀಟಿದ. ಮಧ್ಯಾಹ್ನದ ಹೊತ್ತಿಗೆ ನಲವತ್ತೂ ಒಂದೇ ದನಿಯಲ್ಲಿ ಹಾಡಿದವು.

ಗುರುವಾರ ಗುಡ್ಡ ಹತ್ತುವಾಗ ಅವಳ ಕಿವಿಯೆಲ್ಲ ಹಿಂದೆಯೇ ಇತ್ತು. ಪ್ರತಿ ಗುಂಡಿಗೂ ಉಸಿರು ಬಿಗಿಹಿಡಿದಳು. ಟಿಣ್ ಎನ್ನಲಿಲ್ಲ. ನಾಮಿಯಾಲಾದಲ್ಲಿ ತಾಯಂದಿರು ಇನ್ನೂ ಬರುತ್ತಲೇ ಇದ್ದರು. ಇಪ್ಪತ್ತಮೂರು ಮಕ್ಕಳು ಒಂದರ ಹಿಂದೊಂದು ಕಿರುಚಿ ಅತ್ತವು. ಅಷ್ಟು ಇಂಪಾದ ಅಳುವನ್ನು ಅವಳು ಕೇಳಿರಲಿಲ್ಲ. "ಮುಂದಿನ ತಿಂಗಳೂ ನೀವೇ ಬರ್ಬೇಕು," ಎಂದಳು ಊರ ಯಜಮಾನಿ.

ಹಿಂದಿರುಗುವಾಗ, ಗುಡ್ಡದ ಬುಡದ ಸೇತುವೆಯ ಮೇಲೆ ವೈಸನ್ ಕುಳಿತಿದ್ದ. ಪಾದ ಊದಿತ್ತು. ಅವನ ಹಿಂಗಾಲಿ ಕರಿದ ಹಪ್ಪಳದಂತೆ ಸೊಟ್ಟಗಾಗಿತ್ತು.

"ಎಷ್ಟು ಜನ ಕೂತಿದ್ರು?"

"ಒಬ್ಬ ಮುದುಕ. ಕಡ್ಡಿ ಥರ ಇದ್ದ," ಎಂದ ವೈಸನ್, ನೆಲ ನೋಡುತ್ತ. "ನಡ್ಕೊಂಡೇ ಹೋದ."

ಅವನ ಸೈಕಲ್ಲನ್ನು ಪಕ್ಕದ ಮನೆಯಲ್ಲಿ ಬಿಡಿಸಿ, ಅವನನ್ನು ತನ್ನ ಕ್ಯಾರಿಯರ್ ಮೇಲೆ ಕೂರಿಸಿಕೊಂಡಳು. ಲಸಿಕೆ ಡಬ್ಬ ಅವನ ತೊಡೆಯ ಮೇಲೆ. ಎಷ್ಟು ಮೂಟೆಯಾಯಿತೆಂದು ಮನಸ್ಸಿನಲ್ಲೇ ಕೂಡಿದಳು. ನಾಲ್ಕಕ್ಕೆ ಸ್ವಲ್ಪವೇ ಕಮ್ಮಿ. ಭಯದಿಂದಲೇ ತುಳಿದಳು. ಗಾಲಿ ತುಟಿಪಿಟಕ್ಕೆನ್ನದೆ ಉರುಳಿತು.

"ಬಾಡಿಗೆ ಎಷ್ಟು ಅಮಾಯಿ?"

"ಬಾಯ್ಮುಚ್ಕೊಂಡ್ ಕೂತ್ಕೋ. ಮಾತಾಡಿದ್ರೆ ಎರಡಾಗತ್ತೆ."

ಸಂತೆಯ ತಿರುವಿಗೆ ಮುಂಚೆ ಅವನು ಅವಳ ಬೆನ್ನು ತಟ್ಟಿದ. "ಇಲ್ಲೇ ಇಳ್ಸಿ. ಅವ್ರು ನೋಡಿದ್ರೆ ನಾನು ಸಾಯೋವರ್ಗೂ ಬಿಡಲ್ಲ."

ಕುಂಟುತ್ತ ಹೋದವನನ್ನು ಅವಳು ನಿಂತು ನೋಡಿದಳು. ಅವನನ್ನು ಕೆಣಕುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಮಾವಿನ ಮರದಡಿಯ ನಗುವಿಗೆ ಎಷ್ಟು ತೂಕವೆಂದು ಅವಳಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಬಗ್ಗಿ ಒಂದು ಕಡ್ಡಿ ಮೀಟಿದಳು, ಇನ್ನೊಂದು ಮೀಟಿದಳು. ಅದೇ ದನಿ. ತಾನು ಕಟ್ಟಿದ ಗಾಲಿ ಇಷ್ಟು ಭಾರ ಹೊತ್ತಿತೆಂದು ಕೇಳಿದರೆ ಮುದುಕ ಚಿಂಗೊಂಡ ಎಷ್ಟು ಹಿಗ್ಗುತ್ತಿದ್ದನೋ. ಆದರೂ ವೈಸನ್ನನನ್ನು ಕೂರಿಸಿಕೊಂಡು ಬಂದದ್ದನ್ನು ಯಾರಿಗೂ ಹೇಳಬಾರದೆಂದು ನಿಶ್ಚಯಿಸಿಕೊಂಡಳು, ಚಿಂಗೊಂಡನಿಗೂ.