ಮೊದಲ ಬಲೆ

ಮುಂದಿನ ಮೂವತ್ತು ವರ್ಷ ನದಿಯನ್ನು ಕಾಪಾಡುವುದು ಹೇಗೆಂದು ಯೋಚಿಸಲು ಬಂದ ದೊಡ್ಡ ಮನುಷ್ಯರು ಬೆಳಗಿನಿಂದ ಮಾಡಿದ್ದು ಬೆವರು ಒರೆಸಿಕೊಂಡದ್ದು, ಊಟಕ್ಕೆ ಹೊತ್ತಾಯಿತೇ ಎಂದು ನೋಡಿದ್ದು, ಅಷ್ಟೇ. ಮಾವಿನ ಮರಕ್ಕೆ ನಕ್ಷೆಯೊಂದನ್ನು ನೇತುಹಾಕಿದ್ದರು. ಅದರಲ್ಲಿ ನೈಜರ್ ನದಿ, ಅದರ ಕವಲುಗಳು, ಕೆರೆಗಳು ಎಲ್ಲವೂ ಕಡುನೀಲಿ. ನಿಜವಾದ ನದಿಯನ್ನು ಈ ಬೇಸಿಗೆ ಕತ್ತೆಗಳು ನಡೆದೇ ದಾಟುತ್ತಿದ್ದವು.

ನಿಯಾಮೊಯ್ ಅಡುಗೆಯ ಚಪ್ಪರದಲ್ಲಿ ಕೂತು ಮೀನು ಹೆಚ್ಚುತ್ತಿದ್ದಳು. ಅವಳು ಬೋಜೊ ಎಂಬ ಬೆಸ್ತರ ಕುಲದ ವಿಧವೆ. ಹೊಗೆಯಲ್ಲಿ ಒಣಗಿಸಿದ ಮೀನು ಮಾರಿ ಬದುಕುವವಳು. ಅವಳ ಅಣ್ಣ ಬೊಕಾರಿ ಊರಿನ ನೀರೊಡೆಯ. ಊರಾಚೆಯ ಆಳದ ಮಡು ಅವನ ಮಾತಿಗೆ ಮುಚ್ಚುತ್ತದೆ, ಅವನ ಬಲೆಗೆ ತೆರೆಯುತ್ತದೆ. ವರ್ಷಕ್ಕೊಮ್ಮೆ ಮೊದಲ ಬಲೆ ಅವನದು. ಅದು ನೀರಿಗೆ ಬಿತ್ತೆಂದರೆ ಮಡು ಎಲ್ಲರದು. ಈ ಬೇಸಿಗೆ ಅದಿನ್ನೂ ಮುಚ್ಚಿತ್ತು, ಯಾರೂ ಬಲೆ ಹಾಕುವಂತಿರಲಿಲ್ಲ.

ಅಣ್ಣನ ಮಕ್ಕಳು ತಂದು ಸುರಿದ ಮೀನುಗಳು ತೊಡೆಗಾತ್ರ ಇದ್ದವು, ಹೊಟ್ಟೆ ತುಂಬ ಮೊಟ್ಟೆ. ಈ ಬೇಸಿಗೆಯಲ್ಲಿ ಅಂಥ ಮೀನು ಇದ್ದದ್ದು ಒಂದೇ ಕಡೆ.

"ಮಡುವಿಗೆ ಬಲೆ ಹಾಕಿದ್ಯಾ?" ಎಂದಳು.

"ಬಂದೋರಿಗೆ ಏನ್ ಬಡಿಸ್ಲಿ, ಮರಳಾ?" ಬೊಕಾರಿ ಹೊಸ ಮುಂಡಾಸು ಸುತ್ತಿಕೊಳ್ಳುತ್ತಿದ್ದ. "ನನ್ನನ್ನ ನದಿಗೆ ಖಾಯಂ ಕಾವಲುಗಾರ ಮಾಡ್ತಾರಂತೆ. ಪದಕಾನೂ ಕೊಡ್ತಾರೆ. ಬಾಯ್ಮುಚ್ಕೊಂಡು ಹುರಿ."

ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಮೇಯ್ದ ಬೇಲಿಗೆ ಪದಕ ಬೇರೆ. ಅಣ್ಣ ಕಳ್ಳನೆಂಬುದು ಅವಳಿಗೆ ಹೊಸದಲ್ಲ. ಇಷ್ಟು ದಡ್ಡ ಕಳ್ಳನೆಂದು ಮಾತ್ರ ಹೇಸಿಗೆಯಾಯಿತು. ಅವನ ಬಲೆ ಬಿದ್ದ ಮೇಲೆ ಮಡು ತೆರೆದಂತೆಯೇ ಎಂಬುದು ಅವನಿಗೇ ಹೊಳೆದಿರಲಿಲ್ಲ. ಊರ ಹುಡುಗರಿಗೆ ಹೊಳೆದಿತ್ತು. ನಾಳೆ ಬೆಳಿಗ್ಗೆ ಇಳಿಯೋಣವೆಂದು ಅವರು ದಡದಲ್ಲಿ ಆಗಲೇ ಬಲೆ ಕೊಡವುತ್ತಿದ್ದರು. ನೆರೆ ಬಂದಾಗ ಬಯಲಿಗೆ ಹರಿದು ಮೊಟ್ಟೆಯಿಡಬೇಕಾದದ್ದು ಮಡುವಿನಲ್ಲುಳಿದ ಆ ನಾಲ್ಕು ಮೀನೇ. ಅವೂ ಹೋದರೆ ಮುಂದೆ ನದಿ ತುಂಬಿದರೂ ಬರೀ ನೀರು.

ಮಡುವನ್ನು ಮತ್ತೆ ಮುಚ್ಚಬಲ್ಲವನು ಬೊಕಾರಿ ಒಬ್ಬನೇ. ಮುಚ್ಚಿದರೆ ಕದ್ದದ್ದನ್ನು ಒಪ್ಪಿಕೊಂಡಂತೆ. ಅವನು ಸತ್ತರೂ ಒಪ್ಪುವವನಲ್ಲ. ಸಭೆಯಲ್ಲಿ ಅಣ್ಣನಿಗೆ ಎದುರಾಡುವುದು ತಂಗಿಗೆ ಸಲ್ಲದು. ಅವಳು ಚಾಕು ಒರೆಸಿ, ದೋಣಿಕಟ್ಟೆಯಲ್ಲಿ ಈರುಳ್ಳಿ ಮಾರುತ್ತಿದ್ದ ಅಂಬಾಜೊನ ಬಳಿಗೆ ಹೋದಳು. ಅವನು ಬಂಡೆನಾಡಿನ ದೊಗೊನ್. ದೊಗೊನ್ನರಿಗೂ ಬೋಜೊಗಳಿಗೂ ಅಜ್ಜಂದಿರ ಕಾಲದ ಹಾಸ್ಯದ ನೆಂಟಸ್ತಿಕೆ: ಒಬ್ಬರು ಎಷ್ಟು ಬೈದರೂ ಇನ್ನೊಬ್ಬರು ಸಿಟ್ಟಾಗುವಂತಿಲ್ಲ, ಎಲ್ಲರೆದುರು ಏನು ಕೇಳಿದರೂ ಇಲ್ಲವೆನ್ನುವಂತಿಲ್ಲ.

"ಏನೇ ಮೀನ್‌ಬಾಲ, ಈರುಳ್ಳಿ ತಿನ್ನೋ ಆಸೆ ಬಂತಾ?"

"ಅದರ ಬದ್ಲು ಕೆಸರು ತಿಂತೀನಿ. ಬಂಡೆಕೋತಿ, ಇವತ್ತು ನಿನ್ನ ಹೊಲಸು ಬಾಯಿ ನಂಗೆ ಬೇಕು ಕಣೋ."

ಅವಳು ಹೇಳಿದ್ದನ್ನೆಲ್ಲ ಕೇಳಿ ಅಂಬಾಜೊ ನಗು ನಿಲ್ಲಿಸಿದ. "ಮಡು ಮುಚ್ಚಿದ್ರೆ ಈ ವರ್ಷ ನಿಂಗೂ ಮೀನಿಲ್ಲ. ಹೊಟ್ಟೆಗೇನ್ ಮಾಡ್ತೀಯ?"

"ಗೊತ್ತು. ನಡಿ ನೀನು."

ಸಭೆಯಲ್ಲಿ ಊಟ ನಡೆದಿತ್ತು. ಅಧ್ಯಕ್ಷರು ಮೀಸೆಗೆ ಮೀನಿನ ಮೊಟ್ಟೆ ಅಂಟಿಸಿಕೊಂಡು, "ಇಂಥ ಮೀನು ನಮ್ಮ ಮೊಮ್ಮಕ್ಕಳಿಗೂ ಸಿಗಬೇಕು. ನಮ್ಮ ಯೋಜನೆಯ ತಿರುಳೇ ಅದು," ಎನ್ನುತ್ತಿದ್ದರು. ಮೊಮ್ಮಕ್ಕಳ ಪಾಲು ಆಗಲೇ ಅವರ ಹೊಟ್ಟೆ ಸೇರಿತ್ತು.

"ಎಲ್ಲಿ ನನ್ನ ಗುಲಾಮ?" ಅಂಬಾಜೊ ನಡುವೆ ನುಗ್ಗಿದ. "ಬೊಕಾರಿ! ಬೆಕ್ಕಿಗೆ ಮೀನು ಕಾಯೋ ಕೆಲ್ಸ ಸಿಕ್ತಂತೆ, ಕೇಳಿ ಓಡ್ಬಂದೆ!"

ಊರಿನವರೆಲ್ಲ ನಕ್ಕರು. ಬೊಕಾರಿಯೂ ನಗಲೇಬೇಕಾಯಿತು. "ಏನ್ ಬೇಕೋ, ಈರುಳ್ಳಿ ಮೂಟೆ?"

"ನಮ್ಮಜ್ಜ ಹಸ್ಕೊಂಡಾಗ ನಿಮ್ಮಜ್ಜ ತನ್ನ ತೊಡೇನೇ ಕೊಯ್ದು ಮಾಂಸ ಕೊಟ್ಟ. ನಿನ್ನ ತೊಡೆ ನಂಗ್ಬೇಡಪ್ಪ, ಬರೀ ಕೊಬ್ಬು. ಮಡು ಕೊಡು. ನೆರೆ ಬಂದು ಇಳಿಯೋವರೆಗೆ ಅದು ನಂದು. ಯಾವನೂ ಬಲೆ ಹಾಕಂಗಿಲ್ಲ. ನೀನೂ ಹಾಕಂಗಿಲ್ಲ, ನಿನ್ನ ಮಕ್ಕಳೂ ಹಾಕಂಗಿಲ್ಲ."

ನಗು ನಿಂತಿತು. ಬೊಕಾರಿ ಸುತ್ತ ನೋಡಿದ. ಮುದುಕರು ಅವನ ಬಾಯನ್ನೇ ನೋಡುತ್ತಿದ್ದರು. ಚಪ್ಪರದ ಕಂಬಕ್ಕೆ ಒರಗಿ ನಿಂತ ತಂಗಿ ನೆಲ ನೋಡುತ್ತಿದ್ದಳು. ದೊಗೊನ್ ಕೇಳಿದ್ದನ್ನು ಕೊಡದ ಬೋಜೊ ಊರಲ್ಲಿ ತಲೆಯೆತ್ತಿ ತಿರುಗಲಾರ.

"ತಗೋ," ಎಂದ.

ಮುದುಕರು ಚಪ್ಪಾಳೆ ತಟ್ಟಿದರು. ದಡದ ಹುಡುಗರು ಅಂಬಾಜೊನ ವಂಶವನ್ನೆಲ್ಲ ಬೈಯುತ್ತ ಬಲೆ ಮಡಿಸಿದರು. ತಲೆಬುಡ ತಿಳಿಯದ ಅಧ್ಯಕ್ಷರು ಎದ್ದು, ಮಡುವಿನ ರಕ್ಷಣೆಯೇ ಯೋಜನೆಯ ಮೊದಲ ತೀರ್ಮಾನವೆಂದೂ ಇದು ಕಾವಲುಗಾರ ಬೊಕಾರಿಯ ದೂರದೃಷ್ಟಿಯೆಂದೂ ಸಾರಿ ಪದಕ ಚುಚ್ಚಿದರು. ಬೊಕಾರಿ ಎದೆ ಉಬ್ಬಿಸಿದ. ಅದು ತನ್ನದೇ ಯೋಚನೆಯೆಂದು ಅಷ್ಟರಲ್ಲಿ ಅವನು ನಂಬಿಯೂ ಬಿಟ್ಟಿದ್ದ. ನಿಯಾಮೊಯ್ ಕ್ಯಾಕರಿಸಿ ಉಗಿದಳು, ಅತಿಥಿಗಳಿಗೆ ಕಾಣದಂತೆ.

ಸಂಜೆ ಅವಳು ತನ್ನ ಹೊಗೆ ಒಲೆಯ ಬೂದಿ ತೆಗೆದು, ಅದರ ಬಾಯಿಗೆ ಮಣ್ಣಿನ ಮುಚ್ಚಳ ಹಾಕುತ್ತಿದ್ದಳು. ಈ ವರ್ಷ ಅದಕ್ಕೆ ಕೆಲಸವಿರಲಿಲ್ಲ. ಅಂಬಾಜೊ ಬಂದು ಒಂದು ಮೂಟೆ ಈರುಳ್ಳಿಯನ್ನು ಬಾಗಿಲಲ್ಲಿ ಇಳಿಸಿದ.

"ಕೆಸರು ಒಣಗೋಗಿದೆ," ಎಂದ. "ಇದನ್ನೇ ತಿನ್ಬೇಕು ಇನ್ಮೇಲೆ."

ಹುಟ್ಟಿದ ಮೇಲೆ ಅವಳು ಈರುಳ್ಳಿಯನ್ನು ಮೀನಿಲ್ಲದೆ ಬಾಯಿಗೆ ಹಾಕಿದವಳಲ್ಲ. ಒಂದನ್ನು ಸುಲಿದು, ಅವನನ್ನೇ ನೋಡುತ್ತ, ಹಸಿಯಾಗಿ ಕಚ್ಚಿದಳು.

"ಥೂ! ಇದೂ ಒಂದು ಊಟವಾ?" ಎಂದಳು. "ಇನ್ನೊಂದು ಕೊಡು."